ಐರಿನ್ ಮೇಡಂಗೆ ಕೇಳದ ಶಿಳ್ಳೆ

ಯಾವುದಾದರೂ ಎಲೆಕ್ಟ್ರಾನಿಕ್ ಚಿಪ್ ಅನ್ನು ಹೊಗಳಿಕೊಂಡು ಐರಿನ್ ಮೇಡಂ ಮುಂದೆ ಹೋದರೆ, ಅವರು ಕನ್ನಡಕವನ್ನು ಹಣೆಗೇರಿಸಿ, "ಅದರ ದೂರು ಎಂತ ಉಂಟು, ಅದು ಹೇಳು ಮೊದಲು" ಎನ್ನುತ್ತಿದ್ದರು. ನೆರೆಮನೆಗೆ ಬಂದ ಗಂಡಿನ ಬಗ್ಗೆ ವಿಚಾರಿಸುವ ಧಾಟಿ. ಕಾರ್ಕಳದ ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಅದು ಕಾನೂನು: ಆರಿಸಿದವರೇ ತಮ್ಮ ಆಯ್ಕೆಯ ವಿರುದ್ಧ ವಾದಿಸಬೇಕು. ಚರ್ಚಾಸ್ಪರ್ಧೆಗಳಲ್ಲಿ ಎರಡೂ ಪಕ್ಷದಿಂದ ಮಾತಾಡಿ ಪಳಗಿದ ನನಗೆ ಇದು ಕಷ್ಟವೇನಲ್ಲ. ನನ್ನ ತಕರಾರು ಬೇರೆ. ಮೇಡಂ ಈ ಕಾನೂನನ್ನು ತಮಗೆ ಅನ್ವಯಿಸಿಕೊಳ್ಳುತ್ತಿರಲಿಲ್ಲ.

ಉದ್ಯಾವರದಿಂದ ದಿನಾ ಬಸ್ಸಿನಲ್ಲಿ ಬರುವವರು. ಸೀರೆಯ ಮೇಲೆ ಬಿಳಿ ಕೋಟು, ಕೊರಳಲ್ಲಿ ಶಿಲುಬೆ, ಅದರ ಜೊತೆಗೆ ನೇತಾಡುವ ಇಯರ್‌ಫೋನ್. ಯಂತ್ರದ ಪರದೆಯಲ್ಲಿ ಸ್ವರದ ಅಲೆ ಎಷ್ಟೇ ನುಣುಪಾಗಿ ಕಂಡರೂ ಕಿವಿಯಲ್ಲಿ ಕೇಳದೆ ಒಪ್ಪುತ್ತಿರಲಿಲ್ಲ.

"ಕಣ್ಣಿಗೆ ಮೋಸ ಮಾಡಬಹುದು ಮಾರಾಯ್ತಿ, ಕಿವಿಗೆ ಆಗುವುದಿಲ್ಲ."

ಆಧಾರವೇನು ಎಂದು ಕೇಳಿದೆ. "ಮೂವತ್ತು ವರ್ಷದ ಸರ್ವಿಸು" ಎಂದರು. ಸರ್ವಿಸು ಆಧಾರವಾಗುವುದಿಲ್ಲ ಎಂದೆ.

"ನಿನ್ನನ್ನು ಕಟ್ಟಿಕೊಳ್ಳುವವನ ಕಥೆ ಕೈಲಾಸ" ಎಂದು ನಕ್ಕರು.

ಆ ವರ್ಷ ಕಾಪುವಿನ ಒಂದು ಶಾಲೆಯಲ್ಲಿ ಮಕ್ಕಳ ಕಿವಿ ತಪಾಸಣೆಯ ಶಿಬಿರವಿತ್ತು. ತಗ್ಗಿನಿಂದ ಎತ್ತರದವರೆಗೆ ಸ್ವರ ಹೊರಡಿಸುವ ಸಿಗ್ನಲ್ ಜನರೇಟರನ್ನು ನಮ್ಮ ಲ್ಯಾಬು ಮಾಡಿಕೊಡಬೇಕು. ಸ್ವರ ಕೇಳಿದರೆ ಮಗು ಕೈ ಎತ್ತುತ್ತದೆ. ಎತ್ತದ ಮಗುವನ್ನು ಡಾಕ್ಟರ ಬಳಿ ಕಳಿಸುತ್ತಾರೆ. ಜನರೇಟರಿನಲ್ಲಿ ಅಂಕಿಗಳಿಂದ ಹುಟ್ಟುವ ಅಲೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಆ ಮೆಟ್ಟಿಲನ್ನು ಸವರಿ ನುಣ್ಣಗೆ ಮಾಡುವುದು ಲೋ-ಪಾಸ್ ಫಿಲ್ಟರ್. ಮೇಡಂ ಆರಿಸಿದ್ದು ಕ್ಲಾಕ್ ಎಂಬ ವಿದ್ಯುತ್ ಮಿಡಿತದಿಂದ ನಡೆಯುವ ಫಿಲ್ಟರ್ ಚಿಪ್. ಕ್ಲಾಕ್ ಬದಲಿಸಿದರೆ ಒಂದೇ ಚಿಪ್ ಎಲ್ಲ ಸ್ವರಕ್ಕೂ ಹೊಂದಿಕೊಳ್ಳುತ್ತದೆ. ನಾನು ಆಪ್-ಆಂಪ್ ಎಂಬ ಹಳೆಯ ವರ್ಧಕ ಚಿಪ್‌ನ ಪರ. ಪ್ರತಿ ಸ್ವರಕ್ಕೂ ಬೇರೆ ಕೆಪಾಸಿಟರ್ ಜೋಡಿಸುವ ರಗಳೆ ಹೌದು, ಆದರೆ ಕ್ಲಾಕ್ ಬೇಡ. ಮೇಡಂ ಮಾತು ನಡೆಯಿತು.

ಬೋರ್ಡು ಸಿದ್ಧವಾದಾಗ ಅತಿ ತಗ್ಗಿನ ಸ್ವರ ಹಾಕಿ ನನಗೆ ಕೇಳಲು ಕೊಟ್ಟರು. ಗುಂಯ್ ಎನ್ನುವ ಸ್ವರದ ಹಿಂದೆ ಸೂಜಿಯಂಥ ಶಿಳ್ಳೆ. ಸ್ವರ ತಗ್ಗಿದಂತೆ ಕ್ಲಾಕನ್ನೂ ತಗ್ಗಿಸಬೇಕು. ಅದರ ಮಿಡಿತವೇ ಶಿಳ್ಳೆಯಾಗಿ ಕಿವಿಗೆ ಸಿಗುವಷ್ಟು ಕೆಳಗೆ ಇಳಿದಿತ್ತು.

"ಶಿಳ್ಳೆ ಉಂಟು ಮೇಡಂ."

"ಎಂತದೂ ಇಲ್ಲ. ನನಗೆ ಕೇಳುವುದಿಲ್ಲ."

"ನಿಮಗೆ ಕೇಳದಿದ್ದರೆ ಇಲ್ಲ ಅಂತ ಆಗ್ತದಾ? ಸ್ವರ ಕೇಳದ ಮಗು ಈ ಶಿಳ್ಳೆಗೆ ಕೈ ಎತ್ತಿದರೆ? ಕಿವಿ ಸರಿ ಉಂಟು ಅಂತ ಮನೆಗೆ ಕಳಿಸ್ತೀರಿ, ಅಲ್ವಾ?"

"ಬಾಯಿ ಸಾಕು. ಆಚೆ ತಿರುಗಿ ಕಣ್ಣು ಮುಚ್ಚಿ ಕೂತುಕೋ."

ಸ್ವರವನ್ನು ಪೂರ್ತಿ ನಿಲ್ಲಿಸಿ ಕ್ಲಾಕನ್ನು ಮಾತ್ರ ಹಾಕುತ್ತಾ ತೆಗೆಯುತ್ತಾ ಹೋದರು. ಕೇಳಿದಾಗ ಕೈ ಎತ್ತಿದೆ, ನಿಂತಾಗ ಇಳಿಸಿದೆ. ಒಮ್ಮೆಯೂ ತಪ್ಪಲಿಲ್ಲ. ಅವರು ಇಯರ್‌ಫೋನ್ ಕಿತ್ತುಕೊಂಡು ತಮ್ಮ ಕಿವಿಗಳಿಗೆ ಒತ್ತಿ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ತಮ್ಮ ಚಿಪ್ ಕೀಳಲು ಸೋಲ್ಡರಿಂಗ್ ಐರನ್ ಬಿಸಿಗಿಟ್ಟರು.

"ನಿನ್ನ ಆಪ್-ಆಂಪ್‌ನ ದೂರು ಹೇಳು ಈಗ."

"ಕೆಲಸ ಜಾಸ್ತಿ."

"ಅದು ದೂರಲ್ಲ, ಉದಾಸೀನ. ಡಬ್ಬಿಯಿಂದ ಕೆಪಾಸಿಟರ್ ತೆಗಿ."

ಶಿಬಿರದಲ್ಲಿ ಒಬ್ಬಳು ಹುಡುಗಿ ತಗ್ಗಿನ ಸ್ವರಕ್ಕೆ ಕೈ ಎತ್ತಲಿಲ್ಲ. ಮೇಡಂ ಮತ್ತೆ ಹಾಕಿಸಿದರು. ಎತ್ತಲಿಲ್ಲ. "ಕರೆದರೆ ತಿರುಗುವುದಿಲ್ಲ, ಕೊಬ್ಬು ಅಂತ ಬೈಯುತ್ತಿದ್ದೆ ಮೇಡಂ" ಎಂದಳು ಅವಳ ತಾಯಿ, ಮಗಳ ತಲೆ ಸವರುತ್ತಾ. ಮಣಿಪಾಲದ ಡಾಕ್ಟರ ಬಳಿ ಕಳಿಸಿದೆವು. ಮೊದಲಿನ ಚಿಪ್ ಇದ್ದಿದ್ದರೆ ಅವಳು ಕೈ ಎತ್ತುತ್ತಿದ್ದಳೇ? ಸಾಬೀತು ಮಾಡಲಾರೆ.

ಶಿಬಿರದ ಮರುದಿನದಿಂದ ರಜೆ ಹಾಕಿ, ಮರುವಾರ ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯ ಸಮಾರಂಭವನ್ನೂ ಬೇಡವೆಂದರು. ಹಾಗಾಗಿ ನಾನು ಅವರನ್ನು ಕೊನೆಯ ಸಲ ಕಂಡದ್ದು ಕಾಪುವಿನ ಆ ಶಾಲೆಯಲ್ಲೇ. ಮಕ್ಕಳೆಲ್ಲ ಹೋದ ಮೇಲೆ ಪುಟ್ಟ ಬೆಂಚಿನಲ್ಲಿ ಕೂತು, "ನನ್ನದೂ ಒಮ್ಮೆ ನೋಡು" ಎಂದು ಕಣ್ಣು ಮುಚ್ಚಿದರು. ತಗ್ಗಿನ ಸ್ವರಗಳಿಗೆಲ್ಲ ತಟ್ಟನೆ ಕೈ ಎತ್ತಿದರು. ಎಲ್ಲಕ್ಕಿಂತ ಎತ್ತರದ ಸ್ವರ ಹಾಕಿದೆ. ಕೈ ಮಡಿಲಲ್ಲೇ ಇತ್ತು. ಜೋರು ಮಾಡಿದೆ. ಇನ್ನೂ ಜೋರು ಮಾಡಿದೆ. ಇಯರ್‌ಫೋನಿನಿಂದ ಸೋರಿ ಆಚೆ ನಿಂತ ನನಗೇ ಅದು ಕೇಳತೊಡಗಿತು.

"ಹಾಕು ಮಾರಾಯ್ತಿ" ಎಂದರು ಮೇಡಂ, ಕಣ್ಣು ಮುಚ್ಚಿಕೊಂಡೇ. "ಎಂತ ಕಾಯುವುದು?"