ಹತ್ತಕ್ಕೆ ಎಷ್ಟು ನೋವು

ನಮ್ಮಕ್ಕ ನಾಗಶ್ರೀ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಡಾಕ್ಟರು ಎಂದರೆ ಸೂಜಿ ಹಾಕಿಸಿಕೊಳ್ಳಲು ಬರುತ್ತಾರೆ. ಡಾಕ್ಟರಲ್ಲ ಎಂದರೆ ಹೆಸರಿನ ಮುಂದೆ ಡಾ. ಯಾಕಿದೆ ಎನ್ನುತ್ತಾರೆ. ನೋವಿನ ಬಗ್ಗೆ ಸಂಶೋಧನೆ ಮಾಡುತ್ತಾಳೆ ಎಂದಾಗ ನಮ್ಮೂರು ಧನಗೆರೆಯ ಪುಟ್ಟಸಿದ್ದಯ್ಯ ನನ್ನ ಮುಖವನ್ನೇ ನೋಡುತ್ತ, "ಅದ್ಕೂ ಓದ್ಬೇಕಾ ಬುದ್ದಿ?" ಎಂದಿದ್ದ. ಅವನು ತಮಾಷೆಗೆ ಕೇಳಿದ್ದಲ್ಲ.

ನಾನು ಬಸವಕುಮಾರ. ಯಳಂದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೆಡಿಕಲ್ ಸ್ಟೋರಿದೆ. ನೀನು ನೋವನ್ನು ಓದುತ್ತೀಯ, ನಾನು ನೋವಿನ ಮಾತ್ರೆ ಮಾರುತ್ತೇನೆ, ನಮ್ಮಿಬ್ಬರಲ್ಲಿ ಯಾರಿಗೆ ಹೆಚ್ಚು ಗೊತ್ತು ಹೇಳು ಎಂದು ಅಕ್ಕನನ್ನು ರೇಗಿಸುತ್ತಿದ್ದೆ. ಈಗ ರೇಗಿಸುವುದನ್ನು ಬಿಟ್ಟಿದ್ದೇನೆ.

ಅಕ್ಕ ಕೊಳ್ಳೇಗಾಲದಲ್ಲಿ ಪಿಯುಸಿ, ಮೈಸೂರಿನಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿನ ಲ್ಯಾಬೊಂದಕ್ಕೆ ಸೇರಿದಳು. ಅಲ್ಲಿ ಇಪ್ಪತ್ತು ವರ್ಷ ಇಲಿಗಳ ಜೊತೆ ಕಳೆದಳು. ಇಲಿಯ ಪಾದಕ್ಕೆ ಬಿಸಿ ತಾಗಿಸುವುದು, ಎಷ್ಟು ಸೆಕೆಂಡಿಗೆ ಕಾಲೆತ್ತಿತು ಎಂದು ಬರೆದುಕೊಳ್ಳುವುದು, ನರಕ್ಕೆ ಔಷಧಿ ಕೊಟ್ಟು ಮತ್ತೆ ನೋಡುವುದು. ಹಬ್ಬಕ್ಕೆ ಬಂದವಳು ಇದನ್ನೆಲ್ಲ ವಿವರಿಸಿದರೆ ನಮ್ಮವ್ವ ಶಿವರತ್ನಮ್ಮ ಒಬ್ಬಟ್ಟು ತಟ್ಟುತ್ತ, "ಪಾಪ, ಆ ಇಲಿ ಬಾಯ್ಬಿಟ್ಟು ಏಳಕ್ಕಾಯ್ತದಾ?" ಎನ್ನುತ್ತಿದ್ದರು.

"ಇಲಿ ಸುಳ್ಳು ಹೇಳಲ್ಲ ಅವ್ವ, ಅದಕ್ಕೇ ಸುಲಭ," ಎನ್ನುತ್ತಿದ್ದಳು ಅಕ್ಕ.

ಕೊನೆಗೆ ಮನುಷ್ಯರ ಮೇಲೆ ಪ್ರಯೋಗ ಮಾಡುವ ಅವಕಾಶ ಅವಳಿಗೆ ಸಿಕ್ಕಿತು. ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಬೆಲ್ಟು. ಅದು ನರಕ್ಕೆ ಸಣ್ಣಗೆ ಕರೆಂಟು ಕೊಟ್ಟು ನೋವನ್ನು ದಾರಿಯಲ್ಲೇ ತಡೆಯುತ್ತದಂತೆ. ಇದು ಕೈಹಿಡಿದರೆ ಅವಳಿಗೆ ಸ್ವಂತ ಲ್ಯಾಬು, ಇಲ್ಲದಿದ್ದರೆ ಮತ್ತೆ ಇನ್ನೊಬ್ಬರ ಲ್ಯಾಬಿನ ಇಲಿಗಳು. ವಯಸ್ಸು ನಲವತ್ತು ದಾಟಿತ್ತು, ಮತ್ತೊಂದು ಅವಕಾಶ ಬರುತ್ತದೆಂಬ ಭರವಸೆ ಅವಳಿಗೂ ಇರಲಿಲ್ಲ. ನಾಟಿ, ಕಳೆ ಎಂದು ವರ್ಷಗಟ್ಟಲೆ ಬಗ್ಗಿ ದುಡಿದು ಸೊಂಟ ಹಿಡಿಸಿಕೊಂಡ ಹೆಂಗಸರು ಬೇಕಾಗಿದ್ದರು. ಅಂಥವರು ಎಲ್ಲ ಕಡೆಯೂ ಇದ್ದಾರೆ, ಇಲ್ಲಿಗೇ ಯಾಕೆ ಬಂದೆ ಎಂದು ಕೇಳಿದೆ.

"ನಮ್ಮೂರವರು ನನ್ನ ಹತ್ರ ಏನೂ ಮುಚ್ಚಿಡಲ್ಲ ಕಣೋ," ಎಂದಳು.

ಯಳಂದೂರಿನಲ್ಲಿ ನನ್ನ ಅಂಗಡಿಯ ಎದುರಿಗೇ ಎರಡು ರೂಮು ಹಿಡಿದಳು, ದೂರದ ಹನೂರಿನಲ್ಲಿ ಒಂದು. ಮೊದಲ ದಿನ ಎಲ್ಲರ ಹೆಸರು, ನೋವು ಬರೆದುಕೊಂಡವಳು ನರ್ಸ್ ಪ್ರೇಮಾ. ಅವಳೂ ಧನಗೆರೆಯವಳೇ, ಊರಾಚೆಯ ಬೀದಿಯವಳು. ನೋವು ಇಲ್ಲವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು. ಹೆಂಗಸರು ಏಳು, ಎಂಟು, ಒಂಬತ್ತು ಎಂದು ಬರೆಸಿದರು. ಆಮೇಲೆ ಪ್ರತಿ ವಾರ ಅಕ್ಕನೇ ಕೂತು ಕೇಳಿದಳು.

ಮೂರನೇ ವಾರಕ್ಕೆ ನಮ್ಮ ಕಡೆಯ ಎಂಟುಗಳೆಲ್ಲ ಎರಡಕ್ಕೆ ಇಳಿದವು. ದೊಡ್ಡಮಾದಮ್ಮ ಎಂಬಾಕೆ ನಮ್ಮ ಗದ್ದೆಯಲ್ಲಿ ಇಪ್ಪತ್ತೈದು ವರ್ಷ ದುಡಿದವಳು. ಸೊಂಟದಿಂದ ಹಿಮ್ಮಡಿಯವರೆಗೆ ಎಳೆತ ಎಂದು ಗೋಡೆ ಹಿಡಿದೇ ನಡೆಯುತ್ತಿದ್ದಳು. ಅವಳೂ ಎರಡು ಎಂದಳು. ಅಕ್ಕ ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನರ ಮುಟ್ಟಿ ನೋಡುವಾಗ ದೊಡ್ಡಮಾದಮ್ಮ ಬೆವರುತ್ತ ಕೂತಿರುತ್ತಿದ್ದಳು. ಸಂಜೆ ಅಕ್ಕ ರಸ್ತೆ ದಾಟಿ ಅಂಗಡಿಗೆ ಬಂದು ಟೀ ಕುಡಿಯುತ್ತ, ಚಿಕ್ಕ ಹುಡುಗಿಯ ಹಾಗೆ ಕಾಲಾಡಿಸುತ್ತ ಕೂರುತ್ತಿದ್ದಳು. ನನಗೂ ಹೆಮ್ಮೆಯೆನಿಸುತ್ತಿತ್ತು.

ಆದರೆ ನನ್ನ ಕೌಂಟರಿನಲ್ಲಿ ಒಂದು ವಿಚಿತ್ರ ನಡೆದಿತ್ತು. ಬೆಲ್ಟು ಕಟ್ಟಿದವರು ಬೇರೆ ನೋವಿನ ಮಾತ್ರೆ ನುಂಗಬಾರದು ಎಂದು ಅಕ್ಕ ಕಟ್ಟುನಿಟ್ಟಾಗಿ ಹೇಳಿದ್ದಳು. ಎರಡು ಎಂದು ಬರೆಸಿ ಹೊರಬಂದ ಹೆಂಗಸರೇ ಊರಿನ ಕಡೆಯ ಬಸ್ಸು ಹತ್ತುವ ಮೊದಲು ನನ್ನ ಹತ್ತಿರ ಸೊಂಟನೋವಿನ ಮಾತ್ರೆ ಕೇಳುತ್ತಿದ್ದರು. ಮನೆಯವರಿಗೆ ಬೇಕು ಎನ್ನುತ್ತಿದ್ದರು. ಒಂದು ದಿನ ದೊಡ್ಡಮಾದಮ್ಮ ನನ್ನೆದುರಿಗೇ ಎರಡು ಮಾತ್ರೆ ಬಾಯಿಗೆ ಹಾಕಿಕೊಂಡಳು.

"ಎರಡು ಅಂದ್ಯಂತಲ್ಲಮ್ಮ, ಮತ್ತೆ ಇದ್ಯಾಕೆ?" ಎಂದೆ.

"ಡಾಕ್ಟ್ರವ್ವಾರು ಕೇಳ್ತರೆ ಬುದ್ದಿ. ಇನ್ಯಾನ ಅನ್ನದು," ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಟುಹೋದಳು.

ಇದನ್ನು ಅಕ್ಕನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವಳ ಖುಷಿ ಕೆಡಿಸಲು ಮನಸ್ಸು ಬರಲಿಲ್ಲ ಎಂದುಕೊಂಡೆ. ಮಾತ್ರೆ ಮಾರಿದವನು ನಾನೇ ಎಂಬುದೂ ಇತ್ತು. ಒಂದು ದಿನ ನಾಳೆ ಹೇಳೋಣ ಎನಿಸುತ್ತಿತ್ತು, ಮರುದಿನ ಆ ಹೆಂಗಸರು ನಿಜವಾಗಿಯೂ ಮನೆಯವರಿಗೇ ಒಯ್ಯುತ್ತಿರಬಹುದು ಎನಿಸುತ್ತಿತ್ತು.

ಮೂರು ತಿಂಗಳಾದ ಮೇಲೆ ಬೆಂಗಳೂರಿನಿಂದ ಗುಟ್ಟಿನ ಪಟ್ಟಿ ಬಂತು. ಅರ್ಧ ಬೆಲ್ಟುಗಳಲ್ಲಿ ಕರೆಂಟೇ ಇರಲಿಲ್ಲವಂತೆ. ಹೋಲಿಸಿ ನೋಡಲು ಹಾಗೆ ಮಾಡುವುದು ಪದ್ಧತಿ, ಯಾವುದು ಯಾರಿಗೆ ಎಂಬುದು ಅಲ್ಲಿಯವರೆಗೆ ಅಕ್ಕನಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಕರೆಂಟು ಇದ್ದವರಿಗೂ ಎರಡು, ಇಲ್ಲದವರಿಗೂ ಎರಡು. ಹನೂರಿನಲ್ಲಿ ಕರೆಂಟು ಇದ್ದವರಿಗೆ ಏಳು ಆರಾಗಿತ್ತು, ಇಲ್ಲದವರಿಗೆ ಏಳು ಏಳಾಗಿಯೇ ಉಳಿದಿತ್ತು. ಅಲ್ಲಿನ ಹೆಂಗಸೊಬ್ಬಳಂತೂ ಅಕ್ಕನ ಮುಖಕ್ಕೇ, "ನೀ ಯಾವೂರವ್ವ? ಈ ಬೆಲ್ಟು ಸುಮ್ನೆ ಭಾರ. ಏಳೇ ಬರ್ಕೊ," ಎಂದಿದ್ದಳಂತೆ.

ಅಕ್ಕ ದಿಕ್ಕು ತೋಚದೆ ಕೂತಳು. ಹನೂರಿನ ಬೆಲ್ಟುಗಳು ಕೆಟ್ಟಿರಬಹುದೇ ಎಂದು ಎಲ್ಲವನ್ನೂ ಬಿಚ್ಚಿ ನೋಡಿದಳು. ಇಲ್ಲಿ ಕಾಲುವೆ ನೀರು, ಅಲ್ಲಿ ಒಣಭೂಮಿ, ಕೆಲಸದಲ್ಲಿ ವ್ಯತ್ಯಾಸವಿದೆಯೇ ಎಂದಳು. ನಂಬಿಕೆಯಿಂದಲೂ ನೋವು ಇಳಿಯುತ್ತದೆ, ನನ್ನ ಮೇಲಿನ ನಂಬಿಕೆಗೇ ಇಳಿಯಿತೇ ಎಂದಳು. ಆಗ ನಾನು ಮಾತ್ರೆಯ ವಿಷಯ ಬಾಯಿಬಿಟ್ಟೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಪ್ರೇಮಾಳನ್ನು ಕರೆದು, ಇವತ್ತೇ ಎಲ್ಲರನ್ನೂ ಅವರ ಮನೆಯಲ್ಲೇ ಕೇಳಿಕೊಂಡು ಬಾ ಎಂದಳು. ಪ್ರೇಮಾ ಸಂಜೆಗೆ ವಾಪಸು ಬಂದಳು. ಕೊನೆಯ ವಾರದವರೆಗೂ ಅಕ್ಕನ ಮುಂದೆ ಎರಡು ಎಂದಿದ್ದ ದೊಡ್ಡಮಾದಮ್ಮ ಪ್ರೇಮಾಳ ಮುಂದೆ ಎಂಟು ಎಂದಿದ್ದಳು. ಉಳಿದವರದೂ ಅದೇ ಕಥೆ.

"ಇದು ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಅಕ್ಕ ಕೇಳಿದಳು.

"ಗೊತ್ತಿತ್ತು ಮೇಡಂ," ಎಂದಳು ಪ್ರೇಮಾ. "ನಿಮ್ಗೂ ಗೊತ್ತಿರ್ತದೆ ಅನ್ಕಂಡಿದ್ದೆ."

ಆ ಮಾತು ನನಗೆ ಚುಚ್ಚಿತು. ಅಕ್ಕ ಮಾತ್ರ ಇನ್ನೂ ಗೊಂದಲದಲ್ಲೇ ಇದ್ದಳು. ಧನಗೆರೆಯ ಕಡೆಯ ಅಂಕಿಗಳು ಉಪಯೋಗಕ್ಕೆ ಬರುವುದಿಲ್ಲ ಎಂದು ಬೆಂಗಳೂರಿಗೆ ಬರೆದುಬಿಟ್ಟಳು. ಹಾಗೆ ಬರೆದರೆ ಸ್ವಂತ ಲ್ಯಾಬು ಕೈತಪ್ಪುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದುದು ಬೇರೆ. "ನಾನು ಯಾರನ್ನೂ ಗದರಿಲ್ಲ ಕಣೋ. ಕಾಲು ಹಿಡಿದು ನೋಡ್ದೆ. ಆದರೂ ಯಾಕೆ ಹೇಳಲಿಲ್ಲ?" ಎಂದು ನನ್ನನ್ನೇ ಕೇಳಿದಳು. ಕಾಲು ಹಿಡಿದದ್ದೇ ಅವರಿಗೆ ಇರುಸುಮುರುಸಾಗಿರಬೇಕು ಎಂದೆ. ಅದೂ ಪೂರ್ತಿ ಉತ್ತರ ಎಂದು ನನಗೇ ಅನ್ನಿಸಲಿಲ್ಲ.

ಮರುದಿನ ಇಬ್ಬರೂ ದೊಡ್ಡಮಾದಮ್ಮನ ಮನೆಗೆ ಹೋದೆವು. ಅದೇ ಊರಲ್ಲಿ ಹುಟ್ಟಿಯೂ ನಾನು ಊರಾಚೆಯ ಆ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು. ಅವಳು ಗಾಬರಿಯಿಂದ ಎದ್ದು, ಎರಡು ಪ್ಲಾಸ್ಟಿಕ್ ಕುರ್ಚಿ ಒರೆಸಿ ಹಾಕಿ, ತಾನು ಗೋಡೆಗೆ ಒರಗಿ ನಿಂತಳು. ಅಕ್ಕ ಕುರ್ಚಿ ಬಿಟ್ಟು ಜಗಲಿಯ ಮೇಲೆ ಕೂತು, ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು.

"ಬೆಲ್ಟಿನ ಕೆಲಸ ಮುಗೀತು. ಇನ್ನು ಏನೂ ಬರ್ಕೊಳಲ್ಲ. ನೋಯ್ತದೆ ಅಂತ ನನ್ನ ಹತ್ರ ಯಾಕೆ ಹೇಳ್ನಿಲ್ಲ ನೀನು?"

ದೊಡ್ಡಮಾದಮ್ಮ ನನ್ನ ಕಡೆ ಒಮ್ಮೆ ನೋಡಿ ಅಕ್ಕನಿಗೆ ಹೇಳಿದಳು.

"ಒಂದ್ಸಲ ಏಳಿದ್ದೆ ಕಣವ್ವ. ನೀವು ಕೊಳ್ಳೇಗಾಲಕ್ಕೆ ಓದಕ್ಕೆ ಓಯ್ತಿದ್ರಿ. ನಾಟಿ ಟೈಮು. ಸೊಂಟ ಇಡ್ಕಂಡದೆ, ಒಸಿ ಕೂತ್ಕತೀನಿ ಬುದ್ದಿ ಅಂದೆ ನಿಮ್ಮಪ್ಪಾರ್ಗೆ. ಕೂತ್ಕೊ ಅಂದ್ರು. ಬೈನಿಲ್ಲ, ಏನಿಲ್ಲ. ಮಾರ್ನೆ ದಿನದಿಂದ ನಾಟಿ ಮುಗಿಯೋಗಂಟ ನನ್ನ ಕೆಲ್ಸಕ್ಕೆ ಕರೀನಿಲ್ಲ. ಅದ ನೋಡಿ ಬ್ಯಾರೆ ಎಂಗಸ್ರೂ ಬಾಯ್ ಮುಚ್ಕಂಡ್ರು."

ಅಪ್ಪ ಗುರುಪಾದಸ್ವಾಮಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಕೂಲಿಯವರ ಮೇಲೆ ಒಂದು ದಿನವೂ ದನಿ ಎತ್ತಿದವರಲ್ಲ ಎಂದು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ಸುಳ್ಳೂ ಅಲ್ಲ. ನನಗೆ ಅಲ್ಲಿ ಕೂರಲು ನಾಚಿಕೆಯಾಯಿತು, ಎದ್ದು ಹೋಗಲು ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ದೊಡ್ಡಮಾದಮ್ಮ ಟೀ ಕಾಯಿಸಲೋ ಬೇಡವೋ ಎಂದು ತಿಳಿಯದೆ ಒಳಗೂ ಹೊರಗೂ ನೋಡುತ್ತಿದ್ದಳು. ಅಕ್ಕನೇ ಟೀ ಕೇಳಿದಳು. ಕುಡಿದು ಬಂದೆವು.

ಮನೆಗೆ ಬಂದಾಗ ಅವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದರು. "ದೊಡ್ಡಮಾದಿ ಎಂಗವ್ಳೆ? ಯಾನ ಅಂದ್ಲು?" ಎಂದರು. ಅಕ್ಕ ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷದಿಂದ ನೋವಿನ ಬಗ್ಗೆ ನಿಜ ತಿಳಿಯುವುದೇ ಕೆಲಸ ಮಾಡಿಕೊಂಡವಳು ಅವಳು.

"ವಾಸಿ ಅಂದ್ಲು ಅವ್ವ," ಎಂದಳು. ನಾನೂ ಹೂಂ ಎಂದೆ.