ಎರಡನೇ ಸಲಕ್ಕೆ ಬರುವ ಬೊಮಿ

ಗು ಮನ್‌ಸಿಕ್ ಮನೆಗಳ ಒಳಗೋಡೆಗೆ ಅಲಂಕಾರದ ಕಾಗದ ಅಂಟಿಸುವವನು. ನಮ್ಮ ಬೆಟ್ಟದೂರು ತೇಬೆಕ್‌ನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಮನೆ ಖಾಲಿ ಮಾಡುವವರೇ ಹೆಚ್ಚು, ಹೊಸ ಕಾಗದ ಹಾಕಿಸುವವರು ಕಡಿಮೆ. ಆದರೂ ಅವನು ಊರು ಬಿಡಲಿಲ್ಲ. ಬಿಟ್ಟು ಹೋಗು ಅಂತ ನಾನೇ ಎಷ್ಟೋ ಸಲ ಬೈದಿದ್ದೇನೆ. ನನ್ನ ಟೈರ್ ಅಂಗಡಿಯ ಒಲೆ ಮುಂದೆ ಕೂತು, ಉಗುರಿನ ಸಂದಿಯ ಗೋಂದು ಕೆರೆಯುತ್ತಾ, "ಹೂಂ ಅಣ್ಣ" ಅನ್ನುತ್ತಾನೆ. ಅಷ್ಟೇ. ಜಗಳಕ್ಕೆ ಸಿಗದ ಮನುಷ್ಯ. ಅಂಥವರನ್ನು ಕಂಡರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಅವನಿಗೆ ಮೂರು ಮಕ್ಕಳು, ಮೂರೂ ಚಿಕ್ಕವು. ಹೋದ ವರ್ಷ ಶರತ್ಕಾಲದ ಸುಗ್ಗಿ ಹಬ್ಬಕ್ಕೆ ಮುಂಚೆ, ಪದ್ಧತಿಯಂತೆ, ಅವನ ತಂಗಿ ಮತ್ತು ತಂಗಿಯ ಗಂಡ ಹಿರಿಯರ ಸಮಾಧಿಯ ಮೇಲಿನ ಹುಲ್ಲು ಕೊಯ್ಯಲು ಹೋದವರು, ಘಾಟಿಯ ತಿರುವಿನಲ್ಲಿ ಕಾರು ಉರುಳಿ ಇಬ್ಬರೂ ತೀರಿಕೊಂಡರು. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿದ್ದರಿಂದ ಅವೆರಡು ಉಳಿದವು: ಎಂಟು ವರ್ಷದ ಬೊಮಿ, ಇನ್ನೂ ಮೂರು ತುಂಬದ ತಮ್ಮ ಚಾನು. ಸಾವಿನ ಮನೆಯಲ್ಲಿ ನೆಂಟರು ಖಾರದ ಸಾರು ಹೀರುತ್ತಾ, ಹುಡುಗಿ ಅವರಿಗೆ, ಹುಡುಗ ಇವರಿಗೆ ಅಂತ ಹಂಚಿಕೊಳ್ಳುವ ಮಾತು ಆಡುತ್ತಿದ್ದರು. ಮನ್‌ಸಿಕ್ ಬಟ್ಟಲು ಕೆಳಗಿಟ್ಟು, "ಎರಡೂ ನಮ್ಮನೆಗೆ" ಎಂದ. ಅವನ ಹೆಂಡತಿ ಉನ್‌ಜು ಒಮ್ಮೆ ಗಂಡನ ಮುಖ ನೋಡಿದಳು. ಆಮೇಲೆ ಎದ್ದು ಹೋಗಿ ಚಾನುವಿನ ಮೂಗು ಒರೆಸಿದಳು.

ಮನೆಯಲ್ಲಿ ಹೇಗೋ ಜಾಗ ಆಯಿತು. ಕಾರಿನಲ್ಲಿ ಆಗಲಿಲ್ಲ. ಹಳೇ ಚಿಕ್ಕ ಕಾರು. ಹಿಂದೆ ಮಕ್ಕಳ ಸೀಟು ಎರಡು ಬಿಗಿದರೆ ಮೂರನೆಯದಕ್ಕೆ ಎಡೆಯೇ ಇಲ್ಲ, ಒತ್ತಿ ತುರುಕಿದರೆ ಬಾಗಿಲು ಹಾಕಿಕೊಳ್ಳುವುದಿಲ್ಲ. ಹೀಗಾಗಿ ಶನಿವಾರ ಊರಿನ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗುವುದಾದರೂ, ಅಜ್ಜಿಯ ಮನೆಗಾದರೂ, ಎರಡು ಸಲ ಓಡಾಟ. ಪ್ರತಿ ಸಲವೂ ಬೊಮಿ ಹಿಂದೆ ಸರಿದು ನಿಲ್ಲುತ್ತಿದ್ದಳು.

"ನಾನು ಎರಡನೇ ಸಲಕ್ಕೆ ಬರ್ತೀನಿ, ಮಾಮ."

ಒಳ್ಳೆ ಹುಡುಗಿ, ತಿಳಿವಳಿಕೆ ಇದೆ ಅಂತ ಓಣಿಯವರು ಹೊಗಳಿದರು. ಮನ್‌ಸಿಕ್‌ಗೆ ಮಾತ್ರ ಆ ಹೊಗಳಿಕೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಚಳಿಗಾಲದಲ್ಲಿ ಒಂದು ದಿನ ಏರಿನಲ್ಲಿ ಹಿಮಕ್ಕೆ ಗಾಡಿ ಜಾರಿ, ಉಳಿದವರನ್ನು ಕರೆತರಲು ವಾಪಸು ಹೋಗುವುದು ತುಂಬ ತಡವಾಯಿತು. ಬೊಮಿ ಮಾತ್ರ ಮನೆಯೊಳಗೆ ಹೋಗದೆ ರಸ್ತೆ ಬದಿಯಲ್ಲೇ ನಿಂತಿದ್ದಳಂತೆ. ತುಟಿ ನೀಲಿಗಟ್ಟಿತ್ತಂತೆ.

ಮರುದಿನ ನನ್ನ ಅಂಗಡಿಗೆ ಬಂದ. "ಅಣ್ಣ, ಐದೂ ಒಂದೇ ಸಲಕ್ಕೆ ಹಿಡಿಯೋ ಗಾಡಿ ಬೇಕು. ಅವಳು ಮಿಕ್ಕಿದ ಸಾಮಾನಿನ ಥರ ನಿಲ್ಲೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

ಹಳೇ ಗಾಡಿಗಳ ಮಾರುಕಟ್ಟೆಗೆ ನಾನೂ ಹೋದೆ. ಮನ್‌ಸಿಕ್ ಒಬ್ಬನನ್ನೇ ಕಳಿಸಿದರೆ ಮೂರು ಚಕ್ರದ ಗಾಡಿಯನ್ನೂ ಹೂಂ ಅಂತ ತಂದುಬಿಡುತ್ತಾನೆ. ಅವನು ಐದು ಮಕ್ಕಳ ಸೀಟನ್ನೂ ತನ್ನ ಕೆಲಸದ ಲಾರಿಯಲ್ಲಿ ಹೇರಿಕೊಂಡು ಬಂದಿದ್ದ. ಮಾರುವವನು, ಬೂಟಿಗೆ ಧೂಳು ಹತ್ತದ ಹುಡುಗ, ಅದನ್ನು ನೋಡಿ ನಕ್ಕ.

"ಯಜಮಾನ್ರೆ, ಇದು ನೋಡಿ. ಎತ್ತರದ ಗಾಡಿ, ಏಳು ಸೀಟು. ಹಿಮದಲ್ಲೂ ಹತ್ತುತ್ತೆ."

"ಹಿಂದಿನ ಸಾಲಿಗೆ ಮಕ್ಕಳು ಹೋಗೋದು ಹೇಗೆ?" ಎಂದೆ. "ಕಿಟಕಿಯಿಂದ ಎಸೀಬೇಕಾ?"

"ಮಧ್ಯದ ಸೀಟು ಮಡಚಿದ್ರಾಯ್ತು."

"ಅದರ ಮೇಲೆ ಮಗು ಸೀಟು ಬಿಗಿದಿರುತ್ತೆ ಕಣಯ್ಯ. ಮಗೂನೂ ಮಡಚ್ತೀಯ?"

ಹುಡುಗನ ಮುಖ ಕೆಂಪಾಯಿತು. "ಅಷ್ಟು ಮಕ್ಕಳಿದ್ರೆ ಬಸ್ಸೇ ತಗೊಳ್ಳಿ" ಅಂತ ಗೊಣಗಿದ. ನಾನು ಅವನ ಕೊರಳಪಟ್ಟಿಗೆ ಕೈ ಹಾಕುವುದರಲ್ಲಿದ್ದೆ. ಅಷ್ಟರಲ್ಲಿ ಮನ್‌ಸಿಕ್ ಅಂಗಳದ ಮೂಲೆಯಿಂದ ಕರೆದ. ಅಲ್ಲೊಂದು ಹಳೇ ಬೂದು ಬಣ್ಣದ ವ್ಯಾನು. ಬಾಗಿಲು ಪಕ್ಕಕ್ಕೆ ಜಾರುವಂಥದ್ದು. ನಮ್ಮ ಇಕ್ಕಟ್ಟು ಓಣಿಯಲ್ಲಿ ಮಕ್ಕಳು ದಡಕ್ಕನೆ ತೆಗೆದರೂ ಪಕ್ಕದ ಗಾಡಿಗೆ ತಾಗುವುದಿಲ್ಲ. ಸೀಟುಗಳ ನಡುವೆ ನಡೆಯಲು ದಾರಿ ಇತ್ತು. ಅವನು ಗೋಡೆ ಅಳೆಯುವ ಪಟ್ಟಿಯಿಂದ ಒಂದೊಂದು ಸೀಟನ್ನೂ ಅಳೆದ. ಐದನ್ನೂ ಬಿಗಿದು, ಒಂದೊಂದನ್ನೇ ಹಿಡಿದು ಅಲ್ಲಾಡಿಸಿ ನೋಡಿದ.

"ಐದೂ ಕೂತ್ವು, ಅಣ್ಣ. ಇಲ್ಲಿ ನೋಡು, ಬಾಗಿಲ ಪಕ್ಕದ್ದು ಬೊಮಿದು. ಇನ್ಮೇಲೆ ಮೊದಲು ಹತ್ತೋಳು ಅವಳೇ."

ತಂಗಿ ಸತ್ತ ಮೇಲೆ ಅವನು ನಕ್ಕಿದ್ದನ್ನು ನಾನು ಕಂಡದ್ದು ಅವತ್ತೇ.

ಹೊಸ ಗಾಡಿಗೆ ಪೂಜೆ ಆಗಲೇಬೇಕೆಂದು ಅವನ ತಾಯಿ ಹಟ ಹಿಡಿದಳು. ನನ್ನ ಅಂಗಡಿ ಮುಂದೆಯೇ ಆಯಿತು. ಬೇಯಿಸಿದ ಹಂದಿ ತಲೆ, ಅಕ್ಕಿ ಕಡುಬು, ಚಕ್ರಗಳಿಗೆ ಸುರಿಯಲು ಅಕ್ಕಿಕಳ್ಳು. ಎಲ್ಲರೂ ಗಾಡಿಗೆ ಅಡ್ಡಬಿದ್ದರು. ಕೊನೆಗೆ ಮುದುಕಿ ಒಣಮೀನಿಗೆ ಬಿಳಿ ನೂಲು ಸುತ್ತಿ, ಗಾಡಿಯ ಹಿಂಬದಿಯ ಒಳಗೆ ಕಟ್ಟತೊಡಗಿದಳು.

"ಒಣಗಿದ್ರೂ ಕಣ್ಣು ಮುಚ್ಚದ ಮೀನು ಇದು" ಎಂದು ಮೊಮ್ಮಕ್ಕಳಿಗೆ ಹೇಳಿದಳು. "ನಿಮ್ಮಪ್ಪ ತೂಕಡಿಸಿದ್ರೂ ಇದು ದಾರಿ ನೋಡ್ತಾ ಇರುತ್ತೆ."

ಬೊಮಿ ಹತ್ತಿರ ಹೋದಳು. "ಅಜ್ಜಿ, ನಮ್ಮಪ್ಪನ ಕಾರಿಗೂ ನೀನೇ ಕಟ್ಟಿದ್ದೆ ಅಲ್ವಾ?"

ಮುದುಕಿಯ ಕೈ ನೂಲಿನ ಮೇಲೆಯೇ ನಿಂತಿತು. "ಕಟ್ಟಿದ್ದೆ, ಮಗಾ."

"ಅವತ್ತೂ ಅದು ಕಣ್ಣು ಬಿಟ್ಕೊಂಡೇ ಇತ್ತಾ?"

ಮುದುಕಿ ಗಂಟು ಹಾಕಲು ನೋಡಿದಳು. ನೂಲು ಜಾರಿತು. ಉನ್‌ಜು ಬಂದು ಗಂಟು ಹಾಕಿ, ಅತ್ತೆಯನ್ನು ತೋಳು ಹಿಡಿದು ಕೂರಿಸಿದಳು.

ಮನ್‌ಸಿಕ್ ಬಾಗಿಲು ಸರಿಸಿ ಕರೆದ. "ಬೊಮಿ, ಬಾ. ನೀನೇ ಮೊದಲು."

ಬೊಮಿ ಹಿಂದೆ ಸರಿದಳು. ಉಳಿದ ನಾಲ್ಕೂ ಅವಳನ್ನು ದಾಟಿ ಹತ್ತಿದವು. ಚಾನು ಒಳಗಿನಿಂದ ಅಕ್ಕಾ, ಅಕ್ಕಾ ಅನ್ನುತ್ತಿದ್ದ.

"ನಾನು ಎರಡನೇ ಸಲಕ್ಕೆ ಬರ್ತೀನಿ, ಮಾಮ."

ನನಗೆ ತಡೆಯಲಾಗಲಿಲ್ಲ. "ಎರಡನೇ ಸಲ ಎಲ್ಲಿಂದ ಬಂತೇ? ನಿನಗೋಸ್ಕರವೇ ತಾನೇ ಇಷ್ಟು ದೊಡ್ಡ ಗಾಡಿ ತಂದಿದ್ದು?"

"ಸುಮ್ನಿರಿ, ಭಾವ" ಎಂದಳು ಉನ್‌ಜು.

ಮನ್‌ಸಿಕ್ ರಸ್ತೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತ. "ಯಾಕೆ ಪುಟ್ಟಿ? ಸೀಟು ಚೆನ್ನಾಗಿಲ್ವಾ?"

"ಚೆನ್ನಾಗಿದೆ." ಅವಳು ತನ್ನ ಬೂಟಿನ ತುದಿ ನೋಡುತ್ತಾ ನಿಂತಳು. "ಎಲ್ಲಾರೂ ಒಟ್ಟಿಗೆ ಹೋಗಬಾರದು ಮಾಮ. ಅಪ್ಪ ಅಮ್ಮ ಒಟ್ಟಿಗೆ ಹೋದ್ರು. ಬೇರೆ ಬೇರೆ ಹೋಗಿದ್ರೆ ಒಬ್ರಾದ್ರೂ ಉಳೀತಿದ್ರು. ಚಾನು ಒಂದ್ಸಲ, ನಾನೊಂದ್ಸಲ."

ಇಷ್ಟು ದಿನ ಅವಳು ಹಿಂದೆ ನಿಂತದ್ದು ಜಾಗ ಬಿಟ್ಟುಕೊಡಲು ಅಂತ ನಾವೆಲ್ಲ ತಿಳಿದಿದ್ದೆವು. ಮನ್‌ಸಿಕ್ ಅವಳ ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟಿದ. ಗಾಡಿಯ ಒಳಗೆ ಮಕ್ಕಳು ಸೀಟಿನ ಪಟ್ಟಿಗೆ ಜಗಳ ಆಡುತ್ತಿದ್ದವು. ಕೊನೆಗೆ, "ಹೂಂ" ಎಂದ. ನಾಲ್ಕು ಮಕ್ಕಳನ್ನೂ ಹೆಂಡತಿಯನ್ನೂ ಕರೆದುಕೊಂಡು ಮನೆ ಕಡೆ ಹೊರಟ. ಬಾಗಿಲ ಪಕ್ಕದ ಸೀಟು ಖಾಲಿ ಹೋಯಿತು.

ಒಲೆಯ ಹತ್ತಿರ ಬಾ ಎಂದೆ. ಬೊಮಿ ಬರಲಿಲ್ಲ. ರಸ್ತೆಯ ತಿರುವು ನೋಡುತ್ತಾ ನಿಂತಿದ್ದಳು. ನಾನೂ ಪಕ್ಕದಲ್ಲಿ ನಿಂತೆ. ಮುದುಕಿ ಹಂದಿ ತಲೆಯ ಮುಂದೆ ಕೂತು, ಉಳಿದ ಕಳ್ಳನ್ನು ನೆಲಕ್ಕೆ ಚೆಲ್ಲುತ್ತಿದ್ದಳು.

ಈಗಲೂ ಆ ವ್ಯಾನು ಎರಡು ಸಲ ಓಡುತ್ತದೆ. ಮೊದಲ ಸಲ ಹೋದವರು ಇಳಿದ ಮೇಲೆ ಉನ್‌ಜು ಫೋನ್ ಮಾಡುತ್ತಾಳೆ. ಬೊಮಿಗೆ ಅತ್ತೆಯ ಮಾತು ಸಾಲದು. ಚಾನು ತಾನೇ ಫೋನಿಗೆ ಬಂದು ಅಕ್ಕಾ ಅನ್ನಬೇಕು. ಅದನ್ನು ಕೇಳಿಸಿಕೊಂಡ ಮೇಲೆಯೇ ಅವಳು ಮಾಮನ ಗಾಡಿ ಹತ್ತಿ, ಖಾಲಿ ಸೀಟುಗಳ ನಡುವೆ ಒಬ್ಬಳೇ ಕೂರುತ್ತಾಳೆ.