ಅಣ್ಣನಿಗೆ ದೊಡ್ಡ ಆಪರೇಷನ್, ನನಗೆ ನಾಲ್ಕು ತೂತು

ನಮ್ಮವ್ವ ಕಾಮಾಲೆಯಿಂದ ತೀರಿಕೊಂಡಳು ಎಂದೇ ನಾವು ತಿಳಿದಿದ್ದೆವು. ಕಂಪಲಾಪುರದಲ್ಲಿರುವ ಅಣ್ಣನ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಾಗ ಮೈಸೂರಿನ ಡಾಕ್ಟರು, ಇದಕ್ಕೆ ಕಾರಣವಾದ ವೈರಸ್ ಹೆರಿಗೆಯಲ್ಲೇ ತಾಯಿಯಿಂದ ಬಂದಿರಬಹುದು, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದರು. ಗಂಡನ ಮನೆಯಿರುವ ಸಾಲಿಗ್ರಾಮದಿಂದ ನಾನು ಹೋದೆ. ನನ್ನ ಲಿವರಿನಲ್ಲೂ ನಿಂಬೆಹಣ್ಣಿನಷ್ಟು ಗಡ್ಡೆಯಿತ್ತು.

ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಅಣ್ಣನ ಗಡ್ಡೆ ಹಿಂಬದಿಯಲ್ಲಿ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತು. ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದೇ ತೆಗೆಯಬೇಕು. ನನ್ನದು ಎಡಗಡೆಯ ಅಂಚಿನಲ್ಲಿತ್ತು. ಸಣ್ಣ ತೂತುಗಳಿಂದ ಕ್ಯಾಮೆರಾ ಬಿಟ್ಟು ಕತ್ತರಿಸಿ, ಗಡ್ಡೆಯನ್ನು ಚೀಲಕ್ಕೆ ಹಾಕಿ, ಮಗಳು ಹುಟ್ಟಿದಾಗಿನ ಸಿಸೇರಿಯನ್ ಗಾಯವನ್ನೇ ಮತ್ತೆ ಬಿಚ್ಚಿ ಹೊರಗೆ ತೆಗೆಯಬಹುದು.

"ನಿಮಗೆ ನೋವು ಕಡಿಮೆ, ಬೇಗ ಓಡಾಡ್ತೀರಿ. ಆದ್ರೆ ಒಳಗೆ ಲಿವರ್ ಕತ್ತರಿಸೋದು ಇಬ್ಬರಿಗೂ ಒಂದೇ. ಮೂರು ತಿಂಗಳು ಭಾರ ಎತ್ತಬಾರದು," ಎಂದರು.

ನಮ್ಮ ಯಜಮಾನರು ಕೇಳಿಸಿಕೊಂಡಿದ್ದು 'ಬೇಗ ಓಡಾಡ್ತೀರಿ' ಎಂಬುದನ್ನು ಮಾತ್ರ.

ಅಣ್ಣ ಎರಡು ವಾರ ಆಸ್ಪತ್ರೆಯಲ್ಲಿದ್ದ. ನಾನು ಐದನೆಯ ದಿನವೇ ಮನೆಗೆ ಬಂದೆ. ಅವನನ್ನು ನೋಡಲು ಹುಣಸೂರಿನಿಂದೆಲ್ಲ ನೆಂಟರು ಬಂದರು. ಅವನು ಅಂಗಿ ಎತ್ತಿ ತೋರಿಸುತ್ತಿದ್ದ, ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಳ್ಳುತ್ತಿದ್ದರು.

ನನ್ನ ಹೊಟ್ಟೆಯನ್ನು ಅತ್ತೆ ಒಮ್ಮೆ ನೋಡಿದರು.

"ಇಷ್ಟೇಯಾ? ಕೆಳಗಿಂದು ಮಗೀಂದು ಗಾಯ. ಮಿಕ್ಕಿದ್ದು ನಾಕು ತೂತು."

"ಒಳಗೆ ಕುಯ್ದವ್ರೆ ಕಣತ್ತೆ," ಎಂದೆ.

"ಒಳಗಿಂದ್ ಯಾರ್ ಕಂಡವ್ರೆ ಬುಡು."

ಮೂರನೆಯ ವಾರಕ್ಕೆ ಹಸುಗಳಿಗೆ ನೀರು, ಹುಲ್ಲಿನ ಹೊರೆ, ಡೈರಿಗೆ ಹಾಲಿನ ಕ್ಯಾನು ಎಲ್ಲವೂ ನನ್ನ ಪಾಲಿಗೆ ವಾಪಸು ಬಂದವು. ಯಜಮಾನರು ಟಿವಿಯಿಂದ ಕಣ್ಣು ತೆಗೆಯದೆ, "ನಿಧಾನಕ್ಕೆ ಎತ್ತು," ಎನ್ನುತ್ತಿದ್ದರು. ಅದೇ ಅವರ ಕನಿಕರ.

ಅಣ್ಣನಿಗಾದರೂ ಅರ್ಥವಾದೀತೆಂದು ಒಂದು ದಿನ ಕಂಪಲಾಪುರಕ್ಕೆ ಹೋದೆ. ದಿಂಬಿಗೊರಗಿ ಕುಳಿತಿದ್ದ.

"ನೀನು ಪುಣ್ಯವಂತೆ ಕಣವ್ವ, ತೂತಲ್ಲೇ ಮುಗೀತು. ನಂಗಾಗಿದ್ದು ಯಾರ್ಗೂ ಬ್ಯಾಡ," ಎಂದ. ಸ್ವಲ್ಪ ಹೊತ್ತಿಗೆ, "ನಿಮ್ಮತ್ತಿಗೆ ಒಬ್ಳೇ ಮಾಡ್ತಾವ್ಳೆ, ಒಸಿ ಕೈ ಹಾಕೋಗು," ಎಂದೂ ಸೇರಿಸಿದ. ಅವ್ವನ ರಕ್ತದಿಂದ ಒಂದೇ ಕಾಯಿಲೆ ಹೊತ್ತು ಬಂದವರು ನಾವಿಬ್ಬರು. ನಾನು ಎದ್ದು ಹೋಗಿ ಅವನ ಸ್ನಾನಕ್ಕೆ ನೀರು ಹೊತ್ತೆ.

ಎರಡು ತಿಂಗಳು ತುಂಬುವಷ್ಟರಲ್ಲಿ, ಕೆಮ್ಮಿದಾಗಲೆಲ್ಲ ಹಳೆಯ ಸಿಸೇರಿಯನ್ ಗಾಯದ ಪಕ್ಕ ಒಂದು ಉಂಡೆ ಉಬ್ಬತೊಡಗಿತು. ಹರ್ನಿಯಾ ಎಂದರು ಡಾಕ್ಟರು. "ಯಾರು ಭಾರ ಎತ್ತೋಕೆ ಹೇಳಿದ್ದು?" ಎಂದು ಕೇಳಿದರು. ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡಿದರು. ಮತ್ತೆ ಹೊಟ್ಟೆ ಕೊಯ್ದು, ಒಳಗೆ ಜಾಲರಿಯಿಟ್ಟು ಹೊಲಿದರು.

ಸದ್ಯಕ್ಕೆ ಇಬ್ಬರ ಸ್ಕ್ಯಾನಿನಲ್ಲೂ ಗಡ್ಡೆಯಿಲ್ಲ. ಹೋದ ಸಲ ತಪಾಸಣೆಗೆ ಕಾಯುತ್ತಿದ್ದಾಗ ಎಚ್.ಡಿ. ಕೋಟೆ ಕಡೆಯ ಹೆಂಗಸೊಬ್ಬಳು ಕೇಳಿದಳು: "ಅಕ್ಕ, ನಂಗೂ ಲಿವರ್ ಆಪರೇಷನ್ನು. ತೂತಿಂದೇ ವಾಸಿ ಅಂತಾರಲ್ಲ, ದಿಟವಾ?"

"ಡಾಕ್ಟ್ರು ಏಳ್ದಂಗೆ ಮಾಡಿಸ್ಕೊ ಕಣವ್ವ. ಮನೇಲಿ ಮಾತ್ರ ದೊಡ್ಡ ಆಪರೇಷನ್ನು ಅಂತ್ಲೇ ಏಳು. ಯಾರ್ಗೂ ಒಟ್ಟೆ ತೋರಿಸ್ಬ್ಯಾಡ."

ಪಕ್ಕದಲ್ಲೇ ಕುಳಿತಿದ್ದ ಯಜಮಾನರು ಎದ್ದು ಟೀ ಕುಡಿಯಲು ಹೋದರು. ನನಗೂ ಬೇಕೇ ಎಂದು ಕೇಳಲಿಲ್ಲ.